‘ಬೀಟೆಗಿಂತ ಮೇಲು’ ಎಂದವರ ಮಾತು ನಂಬಿ ಗಿಟಾರ್ ಮಾಡಿದೆ

ಮರದ ಅಂಗಡಿಯವರು ‘ಹತ್ತು ವರ್ಷ ಒಣಗಿದ ಮಾಲು, ಸರ್’ ಎಂದರೆ ನಂಬಬೇಡಿ. ನಾನು ನಂಬಿದೆ. ಕಳೆದ ಮಳೆಗಾಲದಲ್ಲಿ ಮಾಡಿದ ಗಿಟಾರ್ ಈಗ ಚಿತ್ರದುರ್ಗದ ನಮ್ಮ ಮನೆಯ ಗೋಡೆಯ ಮೇಲೆ ತಂತಿಯಿಲ್ಲದೆ ನೇತಾಡುತ್ತಿದೆ. ಅದರ ಬೆನ್ನಿನ ಬಿರುಕಿನೊಳಗೆ ಒಂದು ರೂಪಾಯಿಯ ನಾಣ್ಯ ಸಲೀಸಾಗಿ ತೂರುತ್ತದೆ.

ನಾನು ಕಸುಬುದಾರನಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಭಾನುವಾರಗಳಂದು ಕೆಲಸ ಮಾಡುವವನು. ಮೊದಲ ಎರಡು ಗಿಟಾರ್‌ಗಳನ್ನು ಸಿದ್ಧ ಬಿಡಿಭಾಗ ತರಿಸಿ ಜೋಡಿಸಿದ್ದೆ. ಮೂರನೆಯದನ್ನು ಅಕ್ಕನ ಮಗನಿಗಾಗಿ ನಮ್ಮ ನಾಡಿನ ಮರದಲ್ಲೇ ಮಾಡಬೇಕೆಂಬ ಹುಮ್ಮಸ್ಸು ಹುಟ್ಟಿತು. ದಾವಣಗೆರೆಯ ಒಂದು ಅಂಗಡಿಗೆ ಹೋದೆ. ‘ಬಿಲ್ಲು ಕೇಳದಿದ್ದರೆ ಬೀಟೆಯೂ ಇದೆ’ ಎಂದು ಮಾಲೀಕರು ದನಿ ತಗ್ಗಿಸಿದರು. ಬೀಟೆಯನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಪರವಾನಗಿ ಬೇಕು. ಒಂದು ವಾದ್ಯಕ್ಕಾಗಿ ಚೆಕ್‌ಪೋಸ್ಟಿನಲ್ಲಿ ತಲೆತಗ್ಗಿಸಿ ನಿಲ್ಲುವ ಆಸೆ ನನಗಿರಲಿಲ್ಲ. ಬೇಡ ಎಂದೆ. ಆಗ ಅವರು ತೋರಿಸಿದ್ದು ಮೂರು ಇಂಚು ದಪ್ಪದ ಎರಡು ಮತ್ತಿ ಹಲಗೆಗಳನ್ನು. ‘ಬೀಟೆಗಿಂತ ಮೇಲು’ ಎಂಬ ಮಾತು ಬಂದದ್ದು ಅಲ್ಲಿಯೇ.

ನಾನು ಮರುಳಾಗಲು ಇನ್ನೊಂದು ಕಾರಣವಿತ್ತು. 2017ರ ಜನವರಿಯಲ್ಲಿ ಬೀಟೆ ಸೇರಿದಂತೆ ಬಹುತೇಕ ಇಡೀ ಡಾಲ್ಬರ್ಜಿಯಾ ಕುಲವು, ಅಳಿವಿನಂಚಿನ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಯಲ್ಲಿ. ಸ್ಕ್ವಯರ್, ಎಪಿಫೋನ್ ಗಿಟಾರ್‌ಗಳ ಫ್ರೆಟ್‌ಬೋರ್ಡ್‌ಗಳಲ್ಲಿ, ಅಂದರೆ ಕತ್ತಿನ ಮೇಲೆ ಬೆರಳೊತ್ತುವ ಪಟ್ಟಿಗಳಲ್ಲಿ, ಬೀಟೆಯ ಬದಲಿಗೆ ‘ಇಂಡಿಯನ್ ಲಾರೆಲ್’ ಎಂಬ ಹೆಸರು ಈಗ ಸಾಮಾನ್ಯ. ಅದು ನಮ್ಮ ಮತ್ತಿಯೇ ಎಂದು ತಿಳಿದಾಗ ಹಿತ್ತಿಲ ಗಿಡ ಕೊನೆಗೂ ಮದ್ದಾಯಿತೆಂದು ಹಿಗ್ಗಿದ್ದೆ. ಕಾರ್ಖಾನೆಯವರು ಮರವನ್ನು ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿ, ಒಳ್ಳೆಯದನ್ನು ಆಯ್ದು, ಆರು ಮಿಲಿಮೀಟರಿನ ಚಿಕ್ಕ ಪಟ್ಟಿಯಾಗಿ ಬಳಸುತ್ತಾರೆ. ನಾನು ಅದೇ ಮರದಲ್ಲಿ ನಲವತ್ತು ಸೆಂಟಿಮೀಟರ್ ಅಗಲದ ಬೆನ್ನು ಮಾಡಲು ಹೊರಟಿದ್ದೆ.

ಫ್ರೆಟ್‌ಬೋರ್ಡಿಗೂ, ಮೇಲ್ಹಲಗೆಯ ಮೇಲೆ ತಂತಿ ಕಟ್ಟುವ ತುಂಡಾದ ಬ್ರಿಡ್ಜಿಗೂ ಕಮರ ಆರಿಸಿಕೊಂಡೆ. ಬಯಲುಸೀಮೆಯ ಈ ಮರದ ಚೇಗು ನೀರಿನಲ್ಲಿ ಮುಳುಗುವಷ್ಟು ಭಾರ. ಅದರಲ್ಲಿ ಒನಕೆ ಮಾಡಿಸಿದ್ದರೆ ಓಬವ್ವನೂ ಮೆಚ್ಚುತ್ತಿದ್ದಳೇನೋ. ಬ್ರಿಡ್ಜಿಗೆ ಮಾತ್ರ ಆ ಭಾರವೇ ಮುಳುವಾಯಿತು. ಬೀಟೆಯದಾಗಿದ್ದರೆ ಸುಮಾರು ಮೂವತ್ತು ಗ್ರಾಂ ತೂಗುತ್ತಿದ್ದ ತುಂಡು ಇಲ್ಲಿ 43 ಗ್ರಾಂ ತೂಗಿತು. ಮೇಲ್ಹಲಗೆ ಕುಣಿಯಬೇಕಾದ ಜಾಗದಲ್ಲಿ ಕಲ್ಲು ಹೇರಿದಂತಾಯಿತು.

ಸಾಮಿಲ್ಲಿನಲ್ಲಿ ಮತ್ತಿಯನ್ನು ಸೀಳಿಸುವ ಮೊದಲು ತೇವಮಾಪಕ ಚುಚ್ಚಿ ನೋಡಿದ್ದೆ. ಶೇಕಡಾ 10 ತೋರಿಸಿತು. ಅದರ ಸೂಜಿ ಇಳಿಯುವುದು ಕೆಲವೇ ಮಿಲಿಮೀಟರ್; ಮೂರು ಇಂಚಿನ ಹಲಗೆಯ ಹೊಟ್ಟೆಯಲ್ಲಿ ಏನಿದೆಯೆಂದು ಅದಕ್ಕೇನು ಗೊತ್ತು? ಸೀಳಿಸಿದ ನಾಲ್ಕೇ ದಿನಕ್ಕೆ, ಜುಲೈ ತಿಂಗಳ ಜಿಟಿಜಿಟಿ ಮಳೆಯ ನಡುವೆ, ಬೆನ್ನಿಗೆ ಅಂಟು ಹಾಕಿದೆ.

ಮರ ಮೊದಲೇ ಎಚ್ಚರಿಸಿತ್ತು. ಉಜ್ಜುಗೊರಡು ಒಂದು ದಿಕ್ಕಿಗೆ ಸರಾಗವಾಗಿ ಓಡಿದರೆ ಮುಂದಿನ ಅಂಗುಲದಲ್ಲಿ ಚಕ್ಕೆಚಕ್ಕೆಯಾಗಿ ಕಿತ್ತು ಬರುತ್ತಿತ್ತು. ಎಳೆಗಳು ಪದರಕ್ಕೊಂದು ದಿಕ್ಕು ಹಿಡಿದು ಹೆಣೆದುಕೊಂಡಿರುವ ಮರವದು. ಪಕ್ಕದ ಪಟ್ಟಿಯನ್ನು ಎರಡು ಮಿಲಿಮೀಟರಿಗೆ ಇಳಿಸಿ ಕಾದ ಕೊಳವೆಯ ಮೇಲೆ ಬಗ್ಗಿಸುವಾಗ ಸೊಂಟದ ತಿರುವಿನಲ್ಲಿಯೇ ಎರಡು ಪಟ್ಟಿಗಳು ಮುರಿದವು. ಮೂರನೆಯದು ಬಗ್ಗಿದಾಗ ನಾನು ಗೆದ್ದೆನೆಂದುಕೊಂಡೆ. ಹೊಟ್ಟಿನಿಂದ ಮೊಣಕೈವರೆಗೂ ಕೆಂಪು ದದ್ದು ಎದ್ದಿತ್ತು. ಅದನ್ನೂ ಸೆಕೆಯ ಲೆಕ್ಕಕ್ಕೆ ಬರೆದೆ. ದಯವಿಟ್ಟು ಮುಖಗವಸು, ತೋಳುಗವಸು ಹಾಕಿಕೊಳ್ಳಿ; ಹೊಸ ಮರದ ಹೊಟ್ಟು ಯಾರ ಮೈಗೆ ಹೇಗೆ ಆಗುತ್ತದೆಂದು ಮೊದಲೇ ಹೇಳಲಾಗದು.

ಸೆಪ್ಟೆಂಬರಿನಲ್ಲಿ ತಂತಿ ಕಟ್ಟಿದಾಗ ದನಿ ತುಸು ಮಂಕಾಗಿದ್ದರೂ ಗಿಟಾರ್ ಹುಡುಗನಿಗೆ ಇಷ್ಟವಾಯಿತು. ಜನವರಿಯಲ್ಲಿ ಕತ್ತಿನ ಅಂಚಿನಲ್ಲಿ, ಫ್ರೆಟ್‌ಬೋರ್ಡಿಗೆ ಅಡ್ಡಲಾಗಿ ಕೂರಿಸಿದ ಲೋಹದ ಫ್ರೆಟ್‌ಗಳ ತುದಿ ಅವನ ಅಂಗೈಗೆ ಚುಚ್ಚತೊಡಗಿತು. ಲೋಹ ಇದ್ದಷ್ಟೇ ಇತ್ತು, ಕಮರ ಕುಗ್ಗಿತ್ತು. ದುರ್ಗದ ಮಾರ್ಚ್ ಬಿಸಿಲು ಹೇಗೆಂದು ನಿಮಗೆ ಹೇಳಬೇಕಿಲ್ಲ. ಒಂದು ಮಧ್ಯಾಹ್ನ ಪಟಾಕಿಯಂಥ ಸದ್ದಾಗಿ ಬೆನ್ನು ಸೀಳಿತು. ವಾರದ ನಂತರ ಬ್ರಿಡ್ಜ್ ಎದ್ದು ಬಂತು. ಅಂಟು ಬಹುಪಾಲು ಸ್ಪ್ರೂಸ್ ಮೇಲ್ಹಲಗೆಯ ಮೇಲೇ ಉಳಿದಿತ್ತು. ಕಮರದ ಅಡಿ ಬಹುತೇಕ ಕನ್ನಡಿಯಂತೆ ನುಣ್ಣಗಿತ್ತು. ಆ ತುಂಡನ್ನು ನಯಗೊಳಿಸಿ ಮೂರು ವಾರ ಬಿಟ್ಟು ಅಂಟಿಸಿದ್ದೆ. ಇಂಥ ಗಟ್ಟಿ ಮರಕ್ಕೆ ಅಂಟು ಹಾಕುವ ದಿನವೇ ಹೊಸದಾಗಿ ಕೀಸಿ, ಅಸಿಟೋನ್‌ನಿಂದ ಒರೆಸಬೇಕು. ಅಂಟು ಹಿಡಿದಿದ್ದ ಸ್ವಲ್ಪ ಜಾಗದಲ್ಲಿ, ಎದ್ದು ಬಂದ ಬ್ರಿಡ್ಜ್ ಮೇಲ್ಹಲಗೆಯ ನಾರನ್ನೂ ಒಂದಿಷ್ಟು ಕಿತ್ತುಕೊಂಡು ಬಂದಿತ್ತು. ಒಂಬತ್ತು ಸಾವಿರ ಕೊಟ್ಟು ಹೊರಗಿನಿಂದ ತರಿಸಿದ ಸ್ಪ್ರೂಸ್ ಅದು. ಮತ್ತಿ ಹೋದದ್ದಕ್ಕಿಂತ ಇದು ಹೊಟ್ಟೆ ಉರಿಸಿತು.

ಬೆನ್ನು ಸೀಳಿದ್ದೇಕೆ? ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಬೆನ್ನಿನೊಳಗೆ ಅಡ್ಡಲಾಗಿ ಅಂಟಿಸಿದ ಪಟ್ಟಿಗಳು ಹಲಗೆಯನ್ನು ಕುಗ್ಗಲು ಬಿಡುವುದಿಲ್ಲ. ನಲವತ್ತು ಸೆಂಟಿಮೀಟರಿನ ಹಲಗೆ ಶೇಕಡಾ ಎರಡರಷ್ಟು ಕುಗ್ಗಿದರೂ ಎಂಟು ಮಿಲಿಮೀಟರ್. ಬಿಡದಿದ್ದರೆ ಒಡೆಯಲೇಬೇಕು. ಏಪ್ರಿಲ್‌ನಲ್ಲಿ ಉಳಿದ ಹಲಗೆಯ ನಡುವಿನಿಂದ ಚಿಕ್ಕ ತುಂಡು ಕತ್ತರಿಸಿ ತೂಗಿದೆ: 58 ಗ್ರಾಂ. ಅಡುಗೆಮನೆಯ ಓವನ್‌ನಲ್ಲಿ ನೂರು ಡಿಗ್ರಿಗಿಂತ ತುಸು ಮೇಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದೆ: 50 ಗ್ರಾಂ. ಎಂದರೆ ಒಣತೂಕದ ಶೇಕಡಾ 16ರಷ್ಟು ನೀರು ಇನ್ನೂ ಅಲ್ಲಿತ್ತು, ಅದೂ ಬೇಸಿಗೆಯಲ್ಲಿ. ಗಿಟಾರಿನ ಮರಕ್ಕೆ ಎಂಟರ ಆಸುಪಾಸು ಇರಬೇಕು. ಇದೇ ಪರೀಕ್ಷೆಯನ್ನು ಜುಲೈನಲ್ಲಿ ಮಾಡಲು ನನಗೆ ಒಂದು ದಿನ ಸಾಕಿತ್ತು.

ಇನ್ನೊಂದು ಮೋಸವನ್ನು ತೋರಿಸಿದವರು ನಮ್ಮ ಬೀದಿಯ ಬಡಗಿ ಅಜ್ಜ, ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದವರು. ಉಳಿದ ಎರಡೂ ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಉಗುರಿನಿಂದ ಒತ್ತಿ, ‘ತಮ್ಮಾ, ಇವು ಒಂದೇ ತಾಯಿಯ ಮಕ್ಕಳಲ್ಲ. ಇದು ಕರಿಮತ್ತಿ, ಅದು ಹೊಳೆಮತ್ತಿ’ ಎಂದರು. ‘ಅಂಗಡಿಯವರು ಎರಡನ್ನೂ ಮತ್ತಿ ಎಂದೇ ಕೊಟ್ಟರಲ್ಲ ಅಜ್ಜ?’ ಎಂದೆ. ‘ಕಟ್ಟಿಗೆ ಮಾರುವವರಿಗೆ ಎರಡೂ ಮತ್ತಿಯೇ’ ಎಂದು ನಕ್ಕರು. ಬೆನ್ನಿನ ಎಡ ಅರ್ಧ ಒಂದು ಮರ, ಬಲ ಅರ್ಧ ಇನ್ನೊಂದು. ಬಿರುಕು ಬಿಟ್ಟದ್ದು ನಡುವಿನ ಬೆಸುಗೆಯ ಪಕ್ಕದಲ್ಲೇ.

ಅಂಗಡಿಗೆ ಫೋನ್ ಮಾಡಿದೆ. ‘ಬಾಗಿಲಿಗೆ, ಕಿಟಕಿಗೆ ಒಯ್ದವರು ಯಾರೂ ದೂರಿಲ್ಲವಲ್ಲ ಸರ್’ ಎಂದರು. ಅದು ಸುಳ್ಳೇನಲ್ಲ. ಎರಡೂವರೆ ಮಿಲಿಮೀಟರಿಗೆ ತೆಳುವಾಗಿಸಿದ ಹಲಗೆಯ ಬಾಗಿಲನ್ನು ಯಾರೂ ಮಾಡಿಸುವುದಿಲ್ಲ.

ಈ ಸಲ ವೀಣೆಯವರು ನೆಚ್ಚಿದ ಹಲಸನ್ನೇ ಬಿಲ್ಲಿನೊಂದಿಗೆ ತಂದಿದ್ದೇನೆ. ನಾಲ್ಕು ಮಿಲಿಮೀಟರಿಗೆ ಸೀಳಿಸಿ, ನಡುನಡುವೆ ರಿಪೀಸು ಇಟ್ಟು ಅಟ್ಟದ ಮೇಲೆ ಪೇರಿಸಿ, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ದಿನಾಂಕ, ತೂಕ ಬರೆದಿದ್ದೇನೆ. ಹುಡುಗ ಪ್ರತಿ ಭಾನುವಾರ ಬಂದು ‘ಮಾಮಾ, ಯಾವಾಗ?’ ಎಂದು ಕೇಳುತ್ತಾನೆ. ಮೇಲಿನ ಹಲಗೆ ಕಳೆದ ವಾರ 412 ಗ್ರಾಂ ಇತ್ತು, ಇವತ್ತು 409.