ಕಾಯಿಲ್ ಕಟ್ಟುವ ಕಿಟ್: ಯಾವುದು ಕೆಲಸಕ್ಕೆ ಬರುತ್ತೆ, ಯಾವುದು ಸುಮ್ನೆ ತುಂಬಿಸಿದ್ದು

ವೇಪ್ ಅಂದರೆ ಲಿಕ್ವಿಡ್ ಕಾಯಿಸಿ ಅದರ ಆವಿ ಎಳೆಯುವ ಇ-ಸಿಗರೇಟು. ಅದರೊಳಗೆ ಲಿಕ್ವಿಡ್ ಕಾಯಿಸುವ ತಂತಿಯ ಸುರುಳಿಯೇ ಕಾಯಿಲ್, ಅದಕ್ಕೆ ಲಿಕ್ವಿಡ್ ಹೀರಿ ಕೊಡುವುದು ಹತ್ತಿ. ಮೊದಲೇ ಹೇಳಿಬಿಡುತ್ತೇನೆ, ಕಾಯಿಲ್ ಕಟ್ಟುವ ಈ ಕಿಟ್ ತಗೊಳ್ಳಬಹುದು. ಆದರೆ ಆರ್‌ಟಿಎ ಅಥವಾ ಆರ್‌ಡಿಎ, ಅಂದರೆ ನಾವೇ ತಂತಿ ಸುತ್ತಿ ಕಾಯಿಲ್ ಕೂರಿಸಿಕೊಳ್ಳುವ ಟ್ಯಾಂಕ್ ಇದ್ದವರು ಮಾತ್ರ. ರೆಡಿಮೇಡ್ ಕಾಯಿಲ್ ಬಳಸುತ್ತಾ, ಅದು ಕರಕಲಾದಾಗ ತೊಳೆದು ಇನ್ನೂ ಸ್ವಲ್ಪ ದಿನ ಓಡಿಸೋಣ ಅಂದುಕೊಂಡವರಿಗೆ ಇದರಲ್ಲಿ ಏನೂ ಇಲ್ಲ. ಅವರಿಗೆ ಬೇಕಾದದ್ದು ಬಿಸಿನೀರು ಮತ್ತು ತಾಳ್ಮೆ, ಅಷ್ಟೇ. ಇನ್ನೊಂದು ಮಾತು. ಇದು ಸಿಗರೇಟು ಬಿಟ್ಟು ವೇಪ್‌ಗೆ ಬಂದಿರುವ ದೊಡ್ಡವರಿಗಾಗಿ ಬರೆದದ್ದು, ಅದೂ ಕಾನೂನು ಒಪ್ಪುವ ಕಡೆ ಇರುವವರಿಗೆ. ಎರಡೂ ಅಭ್ಯಾಸ ಇಲ್ಲದವರು ಇದರ ತಂಟೆಗೇ ಬರಬೇಡಿ.

ಜಿಪ್ ಹಾಕುವ ಪುಟ್ಟ ಚೀಲದಲ್ಲಿ ಎಲ್ಲವೂ ಬರುತ್ತದೆ. ತಂತಿ ಸುತ್ತುವ ಜಿಗ್, ಸೆರಾಮಿಕ್ ತುದಿಯ ಚಿಮಟ, ತಂತಿ ಕತ್ತರಿಸುವ ಇಕ್ಕುಳ, ಮೂತಿ ಚೂಪಾದ ಇನ್ನೊಂದು ಇಕ್ಕುಳ, ಮಡಚುವ ಕತ್ತರಿ, ಮೂರ್ನಾಲ್ಕು ಸ್ಕ್ರೂಡ್ರೈವರ್, ಒಂದು ಬ್ರಷ್, ಕಾಯಿಲ್ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವ ಓಮ್ ಮೀಟರ್, ಎರಡು ಸುರುಳಿ ತಂತಿ, ಒಂದಿಷ್ಟು ಹತ್ತಿ. ಪಟ್ಟಿ ಉದ್ದ ಇದೆ ಅಂತ ಮರುಳಾಗಬೇಡಿ. ಇದರಲ್ಲಿ ಮೂರು ಸಾಮಾನು ಚಿನ್ನ, ಉಳಿದದ್ದು ಸುಮಾರು, ಎರಡು ಬಿಸಾಡುವಂಥವು.

ಅದಕ್ಕೂ ಮೊದಲು ತೊಳೆಯುವ ವಿಷಯ ಮುಗಿಸೋಣ, ಯಾಕೆಂದರೆ ಜಾಸ್ತಿ ಜನ ಕೇಳುವುದು ಅದನ್ನೇ. ಕಾಯಿಲ್ ಕೆಡುವುದು ತಂತಿ ಸವೆದು ಅಲ್ಲ. ಲಿಕ್ವಿಡ್‌ನಲ್ಲಿರುವ ಸಿಹಿ, ಅದರಲ್ಲೂ ಸುಕ್ರಲೋಸ್, ಬಿಸಿಗೆ ಆವಿಯಾಗದೆ ತಂತಿಯ ಮೇಲೆ ಕಪ್ಪಗೆ ಅಂಟಿಕೊಳ್ಳುತ್ತದೆ. ಆ ಪದರ ದಪ್ಪವಾದಷ್ಟೂ ರುಚಿ ಮಂಕು, ಕೊನೆಗೆ ಎಳೆದರೆ ಸುಟ್ಟ ವಾಸನೆ. ಕಡು ಬಣ್ಣದ, ಸಿಹಿ ಜಾಸ್ತಿ ಇರುವ ಲಿಕ್ವಿಡ್ ಹಾಕುವವರ ಕಾಯಿಲ್ ಬೇಗ ಹೋಗುವುದೂ ಇದಕ್ಕೇ. ರೆಡಿಮೇಡ್ ಕಾಯಿಲ್‌ನಲ್ಲಿ ಹತ್ತಿ ಲೋಹದ ಕೊಳವೆಯ ಒಳಗೇ ಇರುತ್ತದೆ, ತೆಗೆಯಲು ಬರುವುದಿಲ್ಲ. ಬಿಸಿನೀರಿನಲ್ಲಿ ನೆನೆಸಿ, ನೀರು ಬದಲಿಸಿ ಮತ್ತೆ ನೆನೆಸಿ, ಒಂದು ಇಡೀ ದಿನ ಒಣಗಲು ಬಿಟ್ಟರೆ ಹಳೆಯ ಲಿಕ್ವಿಡ್ಡಿನ ರುಚಿ ಹೋಗುತ್ತದೆ, ಕಪ್ಪಿನಲ್ಲಿ ಸ್ವಲ್ಪ ಭಾಗವೂ ಕರಗುತ್ತದೆ. ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ಮಷಿನ್ ಇದ್ದರೆ ಇನ್ನೂ ಚೆನ್ನಾಗಿ ಬಿಡುತ್ತದೆ. ಆದರೆ ಹತ್ತಿ ಒಮ್ಮೆ ಸುಟ್ಟಿದ್ದರೆ ಮುಗೀತು, ಯಾವ ನೀರೂ ಅದನ್ನು ಬದುಕಿಸುವುದಿಲ್ಲ. ಸ್ಪಿರಿಟ್‌ನಲ್ಲಿ ಅದ್ದುವವರೂ ಇದ್ದಾರೆ. ಹತ್ತಿಯ ಒಳಗೆ ಅದು ಪೂರ್ತಿ ಆರದೆ ಉಳಿದು, ನೀವು ಬಟನ್ ಒತ್ತಿದರೆ ಬೆಂಕಿಯ ಮಾತಾಗುತ್ತದೆ. ನೀರೇ ಸಾಕು. ಹತ್ತಿ ಒಳಗಿರುವಾಗ ಕಾಯಿಲ್ ಅನ್ನು ಕೆಂಪಗೆ ಕಾಯಿಸಿ ಕಪ್ಪು ಸುಡುತ್ತೇನೆ ಅನ್ನುವುದಂತೂ ಬೇಡವೇ ಬೇಡ.

ಹಾಗಾಗಿ ನನ್ನ ಪ್ರಕಾರ ರೆಡಿಮೇಡ್ ಕಾಯಿಲ್ ತೊಳೆದು ಉಳಿಸುವುದು ಒಂದೆರಡು ಸಲಕ್ಕೆ ಸರಿ, ಅದರ ಮೇಲೆ ಶ್ರಮಕ್ಕೆ ತಕ್ಕ ಫಲ ಇಲ್ಲ. ನಾವೇ ಕಟ್ಟಿದ ಕಾಯಿಲ್ ಆದರೆ ಕಥೆಯೇ ಬೇರೆ. ಅಲ್ಲಿ ಹತ್ತಿ ಎಳೆದು ಬಿಸಾಡಿ ತಂತಿಯನ್ನು ಮಾತ್ರ ಸ್ವಚ್ಛ ಮಾಡಿ ಹೊಸ ಹತ್ತಿ ತೂರಿಸಬಹುದು. ಕಿಟ್ ಬೇಕಾಗುವುದು ಇಲ್ಲಿಗೆ.

ಈಗ ಆ ಮೂರು ಚಿನ್ನದಂಥ ಸಾಮಾನು. ಮೊದಲನೆಯದು ಜಿಗ್. 2, 2.5, 3, 3.5 ಮಿ.ಮೀ. ದಪ್ಪದ ಕಡ್ಡಿಗಳು, ಅದಕ್ಕೊಂದು ತಿರುಗಿಸುವ ಟೋಪಿ. ತಂತಿಯ ತುದಿ ಸಿಕ್ಕಿಸಿ ಟೋಪಿ ತಿರುಗಿಸಿದರೆ ಸುತ್ತುಗಳು ಒಂದಕ್ಕೊಂದು ಒತ್ತಾಗಿ ಕೂರುತ್ತವೆ. ಸ್ಕ್ರೂಡ್ರೈವರ್ ಮೇಲೆ ಬೆರಳಲ್ಲೇ ಸುತ್ತಬಹುದು, ನಿಜ. ಆದರೆ ಎರಡು ಕಾಯಿಲ್ ಒಂದೇ ಥರ ಬರಬೇಕು ಅಂದರೆ ಜಿಗ್ ಬೇಕು, ಯಾಕೆಂದರೆ ಜೋಡಿ ಕಾಯಿಲ್‌ನಲ್ಲಿ ಒಂದರ ಸುತ್ತು ಕಮ್ಮಿಯಾದರೂ ಅದು ಮೊದಲು ಕಾಯುತ್ತದೆ, ಇನ್ನೊಂದು ತಣ್ಣಗೆ ಕೂತಿರುತ್ತದೆ. ಕಿಟ್‌ನಲ್ಲಿ ಬಂದ ಜಿಗ್‌ನ ಕಡ್ಡಿಗಳು ನೇರವಾಗಿವೆ, ಅಳತೆ ಸರಿ ಇದೆ. ಮೊದಲ ಸಲ ಕಟ್ಟುವವರು ಕಾಂತಲ್ ಅನ್ನುವ ಮಿಶ್ರಲೋಹದ 26 ಗೇಜ್ ತಂತಿ, ಅಂದರೆ ಸುಮಾರು 0.4 ಮಿ.ಮೀ. ದಪ್ಪದ್ದು, 3 ಮಿ.ಮೀ. ಕಡ್ಡಿಗೆ 6 ಸುತ್ತು ಸುತ್ತಿ ನೋಡಿ. ಒಂದು ಕಾಯಿಲ್‌ಗೆ ಹೆಚ್ಚುಕಮ್ಮಿ 0.8 ಓಮ್ ಬರುತ್ತದೆ, ಎರಡು ಹಾಕಿದರೆ ಅದರ ಅರ್ಧ. ನಿಕಲ್, ಕ್ರೋಮಿಯಂ ಬೆರೆತ ನೈಕ್ರೋಮ್ ತಂತಿಯಲ್ಲಿ ಅಷ್ಟೇ ಸುತ್ತಿಗೆ ಓಮ್ ಕಮ್ಮಿ, ಬೇಗ ಬಿಸಿಯಾಗುತ್ತದೆ. ಕಲಿಯುವವರಿಗೆ ಕಾಂತಲ್ಲೇ ವಾಸಿ. ಅದು ಗಟ್ಟಿ, ಸುತ್ತಿದ ಆಕಾರ ಬಿಡುವುದಿಲ್ಲ, ಕೆಂಪಗೆ ಕಾದರೂ ತಡೆದುಕೊಳ್ಳುತ್ತದೆ.

ಎರಡನೆಯದು ಓಮ್ ಮೀಟರ್. ಇಡೀ ಕಿಟ್‌ನಲ್ಲಿ ಇದೊಂದನ್ನೇ ಕೊಟ್ಟಿದ್ದರೂ ನಾನು ತಗೊಳ್ಳುತ್ತಿದ್ದೆ. ಮೇಲೆ 510 ಥ್ರೆಡ್, ಅಂದರೆ ಟ್ಯಾಂಕ್ ಕೂರುವ ತಿರುಪಿನ ಜಾಗ ಇದೆ, ಟ್ಯಾಂಕ್ ತಿರುಗಿಸಿ ಕೂರಿಸಿದರೆ ಓಮ್ ತೋರಿಸುತ್ತದೆ. ಚಿಪ್ ಇರುವ ಡಿವೈಸ್‌ಗಳೂ ಈಗ ಓಮ್ ತೋರಿಸುತ್ತವಲ್ಲ, ಇದ್ಯಾಕೆ ಅಂತೀರಾ? ಬ್ಯಾಟರಿಗೆ ಜೋಡಿಸುವ ಮೊದಲೇ ತಪ್ಪು ಗೊತ್ತಾಗಬೇಕು, ಅದಕ್ಕೆ. 0.0 ಅಂತ ತೋರಿಸಿದರೆ ಕಾಯಿಲ್‌ನ ಕಾಲು, ಅಂದರೆ ತಂತಿಯ ತುದಿ, ಎಲ್ಲೋ ಲೋಹಕ್ಕೆ ತಾಗುತ್ತಿದೆ, ಶಾರ್ಟ್. ಅಂಕಿ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಸ್ಕ್ರೂ ಸಡಿಲ. ಎರಡರಲ್ಲಿ ಯಾವುದಿದ್ದರೂ ಬಟನ್ ಒತ್ತುವ ಮಾತಿಲ್ಲ. ಚಿಪ್ ಇರುವ ಡಿವೈಸ್ ಶಾರ್ಟ್ ಆದರೆ ತಾನೇ ನಿಲ್ಲುತ್ತದೆ. ಚಿಪ್ ಇಲ್ಲದ ಮೆಕ್ಯಾನಿಕಲ್ ಡಿವೈಸ್‌ಗೆ ಆ ಬುದ್ಧಿ ಇಲ್ಲ, ಬ್ಯಾಟರಿಯ ಕರೆಂಟನ್ನು ನೇರ ಕಾಯಿಲ್‌ಗೆ ಕೊಡುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ 4.2 ವೋಲ್ಟ್. ಅದನ್ನು 0.4 ಓಮ್‌ನಿಂದ ಭಾಗಿಸಿದರೆ 10.5 ಆಂಪ್, 0.2 ಓಮ್ ಆದರೆ 21 ಆಂಪ್, 0.1 ಆದರೆ 42. ನಿಮ್ಮ ಬ್ಯಾಟರಿ 20 ಆಂಪ್ ತಡೆಯುವಂಥದ್ದಾದರೆ 0.2 ಓಮ್‌ಗೇ ಮಿತಿ ದಾಟಿತು. ಈ ಭಾಗಾಕಾರ ಮಾಡಲು ಬೇಜಾರು ಅನ್ನುವವರು ಮೆಕ್ಯಾನಿಕಲ್ ಮುಟ್ಟಲೇಬಾರದು, ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಚಿಪ್ ಇರುವ ಡಿವೈಸ್‌ನಲ್ಲಿ ಲೆಕ್ಕ ಬೇರೆ, ಅಲ್ಲಿ ಬ್ಯಾಟರಿ ಮೇಲಿನ ಹೊರೆ ನೀವು ಇಟ್ಟ ವಾಟ್ ಮೇಲೆ ನಿಂತಿರುತ್ತದೆ. ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಮಾತ್ರ ಎರಡರಲ್ಲೂ ಬಳಸಬೇಡಿ.

ಮೂರನೆಯದು ಸೆರಾಮಿಕ್ ಚಿಮಟ. ಕಾಯಿಲ್ ಕೂರಿಸಿ, ಸ್ಕ್ರೂ ಬಿಗಿ ಮಾಡಿ, ಉದ್ದ ಉಳಿದ ಕಾಲುಗಳನ್ನು ಕತ್ತರಿಸಿದ ಮೇಲೆ ಇದರ ಕೆಲಸ. ವಾಟ್ ತೀರಾ ಕಮ್ಮಿ ಇಟ್ಟು, ಹತ್ತಿ ಹಾಕದೆ, ಬಟನ್ ಒಂದು ಕ್ಷಣ ಒತ್ತಿ ಬಿಡಿ. ಮತ್ತೆ ಒತ್ತಿ. ಮೊದಮೊದಲು ಒಂದು ಸುತ್ತು ಮಾತ್ರ ಕೆಂಪಾಗಿ ಮಿನುಗುತ್ತದೆ, ಅಥವಾ ಒಂದು ಕಡೆಯ ಕಾಲು ಉರಿಯುತ್ತದೆ, ಉಳಿದದ್ದು ಕಪ್ಪಗೇ ಇರುತ್ತದೆ. ಆಗ ಬಟನ್ ಬಿಟ್ಟು ಚಿಮಟದ ತುದಿಯಿಂದ ಸುತ್ತುಗಳ ಮೇಲೆ ಈ ತುದಿಯಿಂದ ಆ ತುದಿಗೆ ಹಗುರವಾಗಿ ಸವರಿ, ಎರಡೂ ಕಡೆಯಿಂದ ಮೆಲ್ಲಗೆ ಹಿಸುಕಿ. ವೀಣೆಯ ತಂತಿ ಮೀಟಿದ ಹಾಗೆ, ಅಷ್ಟು ನಾಜೂಕಾಗಿ. ಮತ್ತೆ ಒತ್ತಿ ನೋಡಿ. ಸ್ವಲ್ಪ ಹೊತ್ತಿಗೆ ಕೆಂಪು ನಟ್ಟನಡುವೆ ಹುಟ್ಟಿ ಎರಡೂ ಬದಿಗೆ ಒಂದೇ ಸಮ ಹರಡುವುದು ಕಾಣುತ್ತದೆ. ಅದು ಬರುವವರೆಗೆ ಹತ್ತಿ ಮುಟ್ಟಬೇಡಿ. ಸುಟ್ಟ ವಾಸನೆಯ ದೂರು ಹೇಳುವವರಲ್ಲಿ ಅರ್ಧ ಜನ ಈ ಹೆಜ್ಜೆಯಲ್ಲಿ ಆತುರ ಪಟ್ಟಿರುತ್ತಾರೆ ಅಂತ ನನಗೆ ಅನಿಸುತ್ತದೆ. ಕಿಟ್‌ನ ಚಿಮಟದ ತುದಿಗಳು ಸರಿಯಾಗಿ ಕೂಡುತ್ತವೆ, ಬಿಸಿಗೆ ಏನೂ ಆಗಿಲ್ಲ. ಕೆಳಗೆ ಬಿದ್ದರೆ ಸೆರಾಮಿಕ್ ಮುರಿಯುತ್ತದೆ, ಜೋಪಾನ.

ಇನ್ನು ಹತ್ತಿ. ಕಿಟ್‌ನಲ್ಲಿ ಬಂದದ್ದು ನನಗೆ ಹಿಡಿಸಲಿಲ್ಲ. ಬಿಳಿ ಮಾಡಲು ಏನೋ ಹಾಕಿದ್ದಾರೆ ಅನ್ನುವಂಥ ವಾಸನೆ, ಮೊದಲ ಟ್ಯಾಂಕ್ ಪೂರ್ತಿ ಕಾಗದದ ರುಚಿ. ವೇಪ್‌ಗೆಂದೇ ಬರುವ ಬ್ಲೀಚ್ ಮಾಡದ ಹತ್ತಿ ಬೇರೆ ತಗೊಳ್ಳಿ, ಖರ್ಚು ಅಷ್ಟೇನೂ ಅಲ್ಲ. ಎಷ್ಟು ಹಾಕಬೇಕು ಅನ್ನುವುದು ಕೈಗೆ ಬರುವ ಕೆಲಸ. ಕಾಯಿಲ್‌ನ ಒಳಗೆ ತೂರಿಸಿ ಎಳೆದಾಗ ಸ್ವಲ್ಪ ತಡೆಯಬೇಕು, ಆದರೆ ಕಾಯಿಲ್ ಬಾಗಬಾರದು. ಬಾಗಿದರೆ ಹತ್ತಿ ಜಾಸ್ತಿ, ಲಿಕ್ವಿಡ್ ನಡುವಿಗೆ ತಲುಪುವುದಿಲ್ಲ, ಗಂಟಲು ಸುಡುವ ಒಣ ದಮ್ಮು ಗ್ಯಾರಂಟಿ. ಸಲೀಸಾಗಿ ಜಾರಿದರೆ ಕಮ್ಮಿ, ಬಾಯಿಗೆ ಲಿಕ್ವಿಡ್ ಸಿಡಿಯುತ್ತದೆ, ಕೆಳಗಿನಿಂದ ಸೋರುತ್ತದೆ. ತುದಿಗಳನ್ನು ಕತ್ತರಿಸಿದ ಮೇಲೆ ಸೂಜಿಯಿಂದ ಬಾಚಿ ತೆಳುವಾಗಿಸಿ, ಲಿಕ್ವಿಡ್ ಬರುವ ತೂತುಗಳನ್ನು ಮುಚ್ಚುವಷ್ಟು ಮಾತ್ರ ಇಳಿಬಿಡಿ, ತುರುಕಬೇಡಿ. ವಿಜಿ, ಅಂದರೆ ವೆಜಿಟೇಬಲ್ ಗ್ಲಿಸರಿನ್, ಜಾಸ್ತಿ ಇರುವ ಗಟ್ಟಿ ಲಿಕ್ವಿಡ್‌ಗೆ ತುದಿ ಇನ್ನೂ ತೆಳುವಿರಬೇಕು. ಹತ್ತಿ ಪೂರ್ತಿ ನೆನೆಯುವಷ್ಟು ಲಿಕ್ವಿಡ್ ಹನಿಸಿ, ಕೆಲವು ನಿಮಿಷ ಬಿಟ್ಟು, ಕಮ್ಮಿ ವಾಟ್‌ನಿಂದ ಶುರು ಮಾಡಿ. ನಿಕೋಟಿನ್ ಲಿಕ್ವಿಡ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಕೈಗೆ ಬಿದ್ದರೆ ಆಗಲೇ ತೊಳೆಯಿರಿ. ಬಾಟಲಿ ಮಕ್ಕಳಿಗೆ, ಸಾಕುಪ್ರಾಣಿಗಳಿಗೆ ಸಿಗುವ ಹಾಗೆ ಇಡಲೇಬೇಡಿ.

ಮತ್ತೆ ಬಳಸುವಾಗ ಕೆಲಸ ಇನ್ನೂ ಸುಲಭ. ರುಚಿ ಮಂಕಾಯಿತಾ, ಹತ್ತಿ ತೆಗೆಯಿರಿ. ಕಮ್ಮಿ ವಾಟ್‌ನಲ್ಲಿ ಬಿಟ್ಟು ಬಿಟ್ಟು ಒತ್ತಿದರೆ ಕಪ್ಪು ಪದರ ಹೊಗೆಯಾಡಿ ಬೂದಿಯಾಗುತ್ತದೆ. ಕಿಟಕಿ ತೆರೆದಿರಲಿ, ಆ ಹೊಗೆ ಎಳೆಯಬೇಡಿ. ಪೂರ್ತಿ ತಣ್ಣಗಾದ ಮೇಲೆ ಟ್ಯಾಂಕ್ ಅನ್ನು ಡಿವೈಸ್‌ನಿಂದ ಬಿಚ್ಚಿ, ನಲ್ಲಿ ನೀರಿನಡಿ ಹಿಡಿದು ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಮೀಟರ್‌ನಲ್ಲಿ ಓಮ್ ಮತ್ತೆ ನೋಡಿ, ಹೊಸ ಹತ್ತಿ ಹಾಕಿ. ಬೆಳ್ಳಗೆ ಉರಿಯುವಷ್ಟು ಕಾಯಿಸುವ ಅಗತ್ಯ ಇಲ್ಲ, ಮಂಕು ಕೆಂಪು ಸಾಕು. ಪದೇ ಪದೇ ಜೋರಾಗಿ ಕಾಯಿಸಿದರೆ ತಂತಿ ಪೆಡಸಾಗುತ್ತದೆ. ತಂತಿಯ ಮೇಲೆ ಗುಳಿ ಕಂಡರೆ, ಓಮ್ ಮೊದಲಿನಷ್ಟಿಲ್ಲದಿದ್ದರೆ, ಅದನ್ನು ಬಿಸಾಡಿ ಹೊಸದು ಸುತ್ತಿ. ಸಾದಾ ಒಂಟಿ ತಂತಿಯ ಕಾಯಿಲ್ ಉಜ್ಜಿದರೆ ಬೇಗ ಸ್ವಚ್ಛವಾಗುತ್ತದೆ. ಒಂದು ತಂತಿಯ ಮೇಲೆ ತೆಳು ತಂತಿ ಸುತ್ತಿ ಮಾಡಿದ ಕ್ಲ್ಯಾಪ್ಟನ್ ಕಾಯಿಲ್‌ನಲ್ಲಿ ರುಚಿ ಜಾಸ್ತಿ, ಆದರೆ ಸಂದುಗಳಲ್ಲಿ ಕಪ್ಪು ಕೂತುಬಿಡುತ್ತದೆ, ಬಿಡಿಸಲು ಒದ್ದಾಡಬೇಕು. ಸಿಹಿ ಲಿಕ್ವಿಡ್ ಬಿಡಲಾರದವರು ಸಾದಾ ತಂತಿಯೇ ಇಟ್ಟುಕೊಳ್ಳಿ.

ಈ ಕಿಟ್ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಒಂದೇ ಕಾರಣಕ್ಕೆ. ಎರಡು ಸುರುಳಿ ತಂತಿಯಲ್ಲಿ ಒಂದರ ಮೇಲೆ ಗೇಜ್ ಬಿಟ್ಟರೆ ಏನೂ ಬರೆದಿಲ್ಲ. ಯಾವ ಲೋಹ ಅಂತ ಹೇಗೆ ಗೊತ್ತಾಗಬೇಕು? ಶುದ್ಧ ನಿಕಲ್, ಟೈಟಾನಿಯಂ ತಂತಿಗಳು ಟೆಂಪರೇಚರ್ ಕಂಟ್ರೋಲ್ ಇರುವ ಡಿವೈಸ್‌ಗೆ ಮಾತ್ರ. ಅವನ್ನು ಕೆಂಪಗೆ ಕಾಯಿಸಲೇಬಾರದು, ಟೈಟಾನಿಯಂ ಹಾಗೆ ಕಾದರೆ ಅದರ ಮೇಲೆ ಆಕ್ಸೈಡ್ ಪುಡಿ ಏಳುತ್ತದೆ. ಹೆಸರಿಲ್ಲದ ತಂತಿಯನ್ನು ಉಸಿರು ಎಳೆಯುವ ಜಾಗದಲ್ಲಿ ಹಾಕಿಕೊಳ್ಳಿ ಅಂತ ಯಾರಿಗೂ ಹೇಳಲಾರೆ. ನಾನು ಆ ಸುರುಳಿಯನ್ನು ಹಾಗೇ ಬಿಸಾಡಿದೆ. ತಯಾರಿಸುವವರು ಒಂದು ಚೀಟಿ ಅಂಟಿಸಿದ್ದರೆ ಮುಗಿಯುತ್ತಿತ್ತು, ಅಷ್ಟೂ ಮಾಡಿಲ್ಲ.

ಸಣ್ಣಪುಟ್ಟ ಲೋಪಗಳೂ ಇವೆ. ಮಡಚುವ ಕತ್ತರಿ ಹತ್ತಿಯನ್ನು ಕತ್ತರಿಸುವ ಬದಲು ಅಗಿಯುತ್ತದೆ. ಸ್ಕ್ರೂಡ್ರೈವರ್ ತುದಿ ಮೆತ್ತಗಿದೆ, ಜಾಸ್ತಿ ಬಿಗಿ ಮಾಡಿದರೆ ಸ್ಕ್ರೂ ತಲೆಯ ಗೀರೂ ಹಾಳಾಗುತ್ತದೆ. ತಂತಿ ಕತ್ತರಿಸುವ ಇಕ್ಕುಳ ಮಾತ್ರ ಚೆನ್ನಾಗಿದೆ, ಕಾಯಿಲ್‌ನ ಕಾಲು ಸಿಕ್ಕಿಸುವ ಪೋಸ್ಟ್‌ನ ಅಂಚಿಗೆ ಸಮವಾಗಿ ಕತ್ತರಿಸುತ್ತದೆ, ತುದಿ ಹೊರಗೆ ಉಳಿದು ಟ್ಯಾಂಕ್‌ನ ಗೋಡೆಗೆ ತಾಗುವ ಭಯ ಇಲ್ಲ. ಜಾಲರಿ ಪಟ್ಟಿಯ ಮೆಶ್ ಟ್ಯಾಂಕ್ ಇರುವವರಿಗೆ ಜಿಗ್ ಕೆಲಸಕ್ಕೆ ಬರುವುದಿಲ್ಲ, ಅವರು ಮೀಟರ್ ಮತ್ತು ಚಿಮಟ ಬಿಡಿಯಾಗಿ ಕೊಂಡರೆ ಸಾಕು.

5ಕ್ಕೆ 3.5 ಕೊಡುತ್ತೇನೆ. ತಂತಿಗೆ ಚೀಟಿ ಇದ್ದಿದ್ದರೆ 4. ತಗೊಳ್ಳುವುದಾದರೆ ಇದರ ಜೊತೆಗೇ ಹೆಸರು ಬರೆದ ಕಾಂತಲ್ ಸುರುಳಿ ಒಂದು, ಒಳ್ಳೆಯ ಹತ್ತಿ ಒಂದು ಪ್ಯಾಕ್, ನಿಮ್ಮ ಟ್ಯಾಂಕ್‌ಗೆ ಹೊಂದುವ ಬಿಡಿ ಸ್ಕ್ರೂ ಮತ್ತು ರಬ್ಬರ್ ರಿಂಗ್ ತರಿಸಿಕೊಳ್ಳಿ. ಸ್ಕ್ರೂ ಒಂದು ಕೈಜಾರಿ ಉರುಳಿದರೆ ಮತ್ತೆ ಸಿಗುವುದು ಕಷ್ಟ.