ಸೂಪರ್ ಮಾರ್ಕೆಟ್ ಸಿರಿಧಾನ್ಯ: ಪ್ಯಾಕೆಟ್ ಚೆಂದ, ಒಳಗಿನದು ಪಾಲಿಶ್

2023ರ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಮುಗಿದ ಮೇಲೂ ನವಣೆ, ಸಾಮೆ, ಹಾರಕ, ಊದಲು, ಕೊರಲೆಗೆ ಅಂಗಡಿಗಳಲ್ಲಿ ಜಾಗ ಸಿಕ್ಕಿರುವುದು ಒಳ್ಳೆಯದೇ. ಆದರೆ ಅರ್ಧ ಕಿಲೋ ಪ್ಯಾಕೆಟ್‌ನೊಳಗಿನ ನವಣೆ ಅಕ್ಕಿ ತಿಳಿ ಕೆನೆಬಣ್ಣದಲ್ಲಿ ಮಿರುಗುತ್ತಿದ್ದರೆ ಅನುಮಾನಪಡಿ. ಪಾಲಿಶ್ ಆಗದ ನವಣೆ ಮಾಸಲು ಹಳದಿ, ಕಾಳಿನಿಂದ ಕಾಳಿಗೆ ಬಣ್ಣವೂ ಒಂದೇ ಇರುವುದಿಲ್ಲ.

ಹೊರಗಿನ ಹೊಟ್ಟು ತಿನ್ನಲು ಬಾರದು, ಅದು ಹೋಗಲೇಬೇಕು. ಅದರಡಿಯ ತೌಡು ಉಳಿಯಬೇಕು. ನಾರು, ಖನಿಜಗಳ ದೊಡ್ಡ ಪಾಲು ಅಲ್ಲಿ ಮತ್ತು ಮೊಳಕೆಯ ಭಾಗದಲ್ಲಿದೆ. ಗಿರಣಿಯವರು ಅದನ್ನೂ ಉಜ್ಜಿ ತೆಗೆಯುವುದು ಬರೀ ಅಂದಕ್ಕಲ್ಲ. ತೌಡಿನ ಎಣ್ಣೆಗೆ ಬೇಗ ಕಮಟು ವಾಸನೆ ಹಿಡಿಯುತ್ತದೆ, ಹುಳುವೂ ಬೀಳುತ್ತದೆ. ಹಾಗಾಗಿ ಸಾಧಾರಣ ಪ್ಲಾಸ್ಟಿಕ್ ಚೀಲದ ಮೇಲೆ ‘ಅನ್‌ಪಾಲಿಶ್ಡ್’ ಎಂದೂ ಬರೆದು ವರ್ಷದ ಬಾಳಿಕೆಯನ್ನೂ ಕೊಟ್ಟಿದ್ದರೆ ಎರಡರಲ್ಲೊಂದು ನಂಬುವಂಥದ್ದಲ್ಲ. ಗಿರಣಿಯಿಂದ ಈಚೆಗೆ ಬಂದ ಚಿಕ್ಕ ಪ್ಯಾಕೆಟ್ ತಂದು ಫ್ರಿಜ್‌ನಲ್ಲಿಡಿ. (ರಾಗಿಗೆ ಈ ತಾಪತ್ರಯವಿಲ್ಲ, ಇಡಿಯಾಗಿ ಬೀಸಿಸಿದರಾಯಿತು. ಜರಡಿ ಹಿಡಿಯದಿದ್ದರೆ!)

ಅಡುಗೆಯಲ್ಲೂ ಗುಟ್ಟು ಬಯಲಾಗುತ್ತದೆ. ತೌಡಿರುವ ಸಾಮೆಯನ್ನು ಕಲ್ಲು ಉಳಿಯದಂತೆ ಜಾಲಿಸಿ, ಎರಡು ಗಂಟೆಯಾದರೂ ನೆನೆಸಿ, ಒಂದು ಲೋಟಕ್ಕೆ ಎರಡೂವರೆ ಲೋಟ ನೀರಿಟ್ಟು ಕುಕ್ಕರ್‌ನಲ್ಲಿ ಎರಡು ವಿಸಿಲ್ ಕೂಗಿಸಿ, ಹತ್ತು ನಿಮಿಷ ಮುಚ್ಚಿಡಬೇಕು. ನೆನೆಸದಿದ್ದರೆ ನಡುವೆ ಗಟ್ಟಿ ಉಳಿಯುತ್ತದೆ. ನೆನೆಸದೆ ಎರಡೇ ಲೋಟ ನೀರಿಗೆ ಕಲಸಿದಂತೆ ಮೆತ್ತಗಾದರೆ ಬಹುಮಟ್ಟಿಗೆ ತೌಡು ಹೋಗಿದೆ.

ಇಷ್ಟಾದರೂ ಅರ್ಧ ಕೆಲಸವಷ್ಟೇ. ಅಕ್ಕಿಯ ರಾಶಿಯ ಜಾಗದಲ್ಲಿ ಅಷ್ಟೇ ಸಾಮೆ ಸುರಿದುಕೊಂಡು ಮೇಲೆ ತಿಳಿಸಾರು ಹಾಕಿಕೊಂಡರೆ ಅದು ಹಳೆಯ ಊಟವಲ್ಲ. ಬಯಲುಸೀಮೆಯ ಮಳೆಯಾಶ್ರಿತ ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬರುತ್ತಿದ್ದವು. ತಟ್ಟೆಯಲ್ಲೂ ಅದೇ ಸಾಲು: ಮುದ್ದೆ, ಕಾಳಿನ ಸಾರು, ಬೆರಕೆ ಸೊಪ್ಪು, ಹುಚ್ಚೆಳ್ಳು ಚಟ್ನಿಪುಡಿ, ಮಜ್ಜಿಗೆ. ಬೇಳೆಕಾಳು ಬೆಳೆದರೆ ಭೂಮಿಗೆ ಸಾರಜನಕ, ತಿಂದರೆ ನಮಗೆ ಪ್ರೋಟೀನ್. ಪ್ಯಾಕೆಟ್‌ನ ಹಿಂದಿನ ರೆಸಿಪಿಗಳಲ್ಲಿ ಪುಲಾವು, ಪಾಯಸ ಉಂಟು, ಹುರುಳಿ ಕಟ್ಟು ಇಲ್ಲ.

ಪಕ್ಕದ ಕಪಾಟಿನ ‘ಸಿರಿಧಾನ್ಯ ನೂಡಲ್ಸ್’ ಕೈಗೆತ್ತಿಕೊಂಡರೆ ಪದಾರ್ಥಗಳ ಪಟ್ಟಿ ಓದಿ. ಹೆಚ್ಚು ಇರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲ ಹೆಸರೇ ಮೈದಾ ಅಥವಾ ಗೋಧಿಹಿಟ್ಟು ಆಗಿದ್ದರೆ ಇದ್ದಲ್ಲೇ ಇಟ್ಟು ಬನ್ನಿ.