ಪ್ರತಿ ಬಿಟ್‌ಗೂ ಎರಡು ಫ್ಲಾಪ್ ಹಾಕಿದರೆ ಬಸ್ ಸುರಕ್ಷಿತ ಅಂದುಕೊಂಡಿದ್ದೆ

ಎರಡು ಬೇರೆ ಕ್ಲಾಕ್‌ಗಳ ನಡುವೆ ಬಸ್ (ಒಟ್ಟಿಗೆ ಹೋಗುವ ಹಲವು ಬಿಟ್‌ಗಳ ಗುಂಪು) ದಾಟಿಸುವವರು ದಯವಿಟ್ಟು ಇದನ್ನು ಓದಿ. ಈ ತಪ್ಪಿಗೆ ನನ್ನ ಮೂರು ವಾರ ಹೋಯಿತು.

ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್) ಒಳಗೆ 16 ವರ್ಡ್ ಹಿಡಿಸುವ ಒಂದು ಫೈಫೊ, ಅಂದರೆ ಮೊದಲು ಬಂದದ್ದು ಮೊದಲು ಹೊರಹೋಗುವ ಡೇಟಾ ಸಾಲು, ಮಾಡಿದ್ದೆ. ಬರೆಯುವ ಕಡೆ 100 ಮೆಗಾಹರ್ಟ್ಸ್, ಓದುವ ಕಡೆ 62.5. ಎರಡಕ್ಕೂ ಬೇರೆ ಬೇರೆ ಆಸಿಲೇಟರ್. ವರ್ಡ್‌ಗಳು ಬಿಡುವು ಬಿಟ್ಟು ಬರುತ್ತಿದ್ದವು. ಆರು ಸೇರಿದ ಕೂಡಲೇ ಓದುವ ಕಡೆ ಒಂದು ಪ್ಯಾಕೆಟ್ ಎತ್ತಿಕೊಳ್ಳಬೇಕು. ಅದಕ್ಕೆ ರೈಟ್ ಪಾಯಿಂಟರ್ (ಎಷ್ಟು ವರ್ಡ್ ಬರೆದಾಗಿದೆ ಎಂಬ ಎಣಿಕೆ) ಎಷ್ಟಿದೆ ಅಂತ ಆ ಕಡೆಗೆ ಗೊತ್ತಾಗಬೇಕು ಅಲ್ವಾ? ಪಾಯಿಂಟರ್‌ನ ಐದೂ ಬಿಟ್‌ಗೆ ಎರಡೆರಡು ಫ್ಲಿಪ್-ಫ್ಲಾಪ್ (ಕ್ಲಾಕ್ ಬಡಿದಾಗ ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ಇಟ್ಟು ದಾಟಿಸಿದೆ. ಮೆಟಾಸ್ಟೆಬಿಲಿಟಿಯ, ಅಂದರೆ ಬದಲಾಗುವ ಗಳಿಗೆಯಲ್ಲೇ ಹಿಡಿದ ಬಿಟ್ 0 ಅಥವಾ 1 ಅಂತ ನಿಲ್ಲದೆ ಸ್ವಲ್ಪ ಹೊತ್ತು ತೂಗಾಡುವ ಕಾಟ ಮುಗಿಯಿತು ಅಂದುಕೊಂಡೆ.

ಸಿಮ್ಯುಲೇಶನ್ ಪೂರ್ತಿ ಪಾಸ್. ಬೋರ್ಡ್‌ನಲ್ಲಿ ಮಾತ್ರ ಯಾವಾಗಲೋ ಒಮ್ಮೆ ಪ್ಯಾಕೆಟ್‌ನ ಕೊನೆಯ ಎರಡು ವರ್ಡ್ ಹಳೆಯವು ಬರುತ್ತಿದ್ದವು. ಆಮೇಲೆ ಎಲ್ಲ ಕಲಸಿಹೋಗುತ್ತಿತ್ತು. ಹಿಡಿಯೋಣ ಅಂತ ಚಿಪ್ ಒಳಗೇ ಸಿಗ್ನಲ್‌ಗಳನ್ನು ದಾಖಲಿಸುವ ಲಾಜಿಕ್ ಅನಲೈಜರ್ ಸೇರಿಸಿ ಬಿಲ್ಡ್ ಮಾಡಿದರೆ ತಪ್ಪೇ ಮಾಯ! ರೂಟಿಂಗ್ (ಚಿಪ್ ಒಳಗೆ ತಂತಿಗಳು ಹೋಗುವ ದಾರಿ) ಬದಲಾಗಿತ್ತು, ಅಷ್ಟೇ. ಆ ದಿನಗಳು ತುಂಬಾ ಕಷ್ಟವಾಗಿದ್ದವು.

ಕಾರಣ ಇದು. ಪಾಯಿಂಟರ್ 3ರಿಂದ 4ಕ್ಕೆ ಹೋಗುವಾಗ 011 ಇದ್ದದ್ದು 100 ಆಗುತ್ತದೆ. ಮೂರು ಬಿಟ್ ಒಟ್ಟಿಗೆ ಬದಲಾಗಬೇಕು. ಆದರೆ ಮೂರರ ತಂತಿಯೂ ಒಂದೇ ಉದ್ದ ಇರುವುದಿಲ್ಲ. ಮೇಲಿನ ಬಿಟ್ ಮೊದಲು ಬಂದು, ಅದೇ ಗಳಿಗೆಯಲ್ಲಿ ಓದುವ ಕ್ಲಾಕ್ ಬಡಿದರೆ ಆ ಕಡೆಗೆ ಕಾಣುವುದು 111, ಅಂದರೆ 7. ಇರುವುದು ನಾಲ್ಕೇ ವರ್ಡ್, ಓದುವ ಕಡೆ ಆರು ಓದಿಬಿಡುತ್ತದೆ. ಈಗ ರೀಡ್ ಪಾಯಿಂಟರ್ 6, ರೈಟ್ ಪಾಯಿಂಟರ್ 4. ಐದು ಬಿಟ್‌ನಲ್ಲಿ 4ರಿಂದ 6 ಕಳೆದರೆ 30! ಫೈಫೊ ತುಂಬಿ ತುಳುಕುತ್ತಿದೆ ಅಂತ ಅದು ಓದುತ್ತಲೇ ಹೋಗುತ್ತದೆ. ಬರೆದ ಕೋಡನ್ನಷ್ಟೇ ಓಡಿಸಿ ನೋಡುವ ಆರ್‌ಟಿಎಲ್ ಸಿಮ್ಯುಲೇಶನ್‌ನಲ್ಲಿ ತಂತಿಗೆ ತಡವೇ ಇಲ್ಲ, ಹಾಗಾಗಿ ಅಲ್ಲಿ ಇದು ಕಾಣುವುದೇ ಇಲ್ಲ.

ಎರಡು ಫ್ಲಾಪ್ ಕಾಯುವುದು ಒಂದೊಂದು ಬಿಟ್ಟನ್ನು ಮಾತ್ರ. ಬಿಟ್‌ಗಳು ಒಟ್ಟಿಗೆ ತಲುಪುವ ಹೊಣೆ ಅದರದ್ದಲ್ಲ.

ಪಾಯಿಂಟರ್‌ಗೆ ಗ್ರೇ ಕೋಡ್ (ಒಂದು ಏರಿದಾಗಲೆಲ್ಲ ಒಂದೇ ಬಿಟ್ ಬದಲಾಗುವ ಎಣಿಕೆ) ಬಳಸಿ. ಅಲ್ಲಿ 3 ಅಂದರೆ 010, 4 ಅಂದರೆ 110. ಒಂದೇ ಬಿಟ್ ಬದಲಾಗುವುದರಿಂದ ಆ ಕಡೆಗೆ ಕಾಣುವುದು 3, ಇಲ್ಲವೇ 4. ಗ್ರೇಗೆ ಬದಲಿಸಿದ ಮೇಲೆ ಒಂದು ರಿಜಿಸ್ಟರ್‌ನಲ್ಲಿ ಹಿಡಿದೇ ದಾಟಿಸಿ, ಇಲ್ಲದಿದ್ದರೆ ನಡುವಿನ ಗ್ಲಿಚ್ (ಕ್ಷಣಕಾಲ ಬರುವ ತಪ್ಪು ಬೆಲೆ) ಕೂಡ ದಾಟಿಬಿಡುತ್ತದೆ. ಒಂದೊಂದಾಗಿ ಏರದ ಬೇರೆ ಡೇಟಾ ಇದ್ದರೆ ಗ್ರೇ ಕೋಡ್ ನಡೆಯುವುದಿಲ್ಲ. ಡೇಟಾ ಅಲುಗಾಡದಂತೆ ಹಿಡಿದಿಟ್ಟು, ಒಂದು ರಿಕ್ವೆಸ್ಟ್ ಬಿಟ್ ಮಾತ್ರ ಸಿಂಕ್ರೊನೈಸರ್ (ಅದೇ ಎರಡು ಫ್ಲಾಪ್) ಮೂಲಕ ಕಳಿಸಿ. ಆ ಕಡೆಯಿಂದ ಉತ್ತರ ಬರುವವರೆಗೆ ಡೇಟಾ ಮುಟ್ಟಬೇಡಿ.

ಇನ್ನೊಂದು ತಪ್ಪನ್ನೂ ಮಾಡಿದ್ದೆ. ಟೈಮಿಂಗ್ ಎಚ್ಚರಿಕೆ ಜಾಸ್ತಿ ಬರುತ್ತಿದೆ ಅಂತ ಆ ದಾರಿಗಳಿಗೆಲ್ಲ ಸುಮ್ನೆ ಫಾಲ್ಸ್ ಪಾತ್ (ಈ ದಾರಿಯ ಟೈಮಿಂಗ್ ನೋಡಬೇಡ ಅಂತ ಟೂಲ್‌ಗೆ ಹೇಳುವ ಸೂಚನೆ) ಹಾಕಿದ್ದೆ. ಆಗ ಟೂಲ್ ಒಂದು ಬಿಟ್ಟನ್ನು ಎಷ್ಟು ಸುತ್ತಿಸಿ ಬೇಕಾದರೂ ಒಯ್ಯಬಹುದು. ಬಿಟ್‌ಗಳ ನಡುವಿನ ತಡದ ವ್ಯತ್ಯಾಸ ಬರೆಯುವ ಕ್ಲಾಕ್‌ನ ಒಂದು ಸುತ್ತು, ಅಂದರೆ ನನ್ನಲ್ಲಿ 10 ನ್ಯಾನೊಸೆಕೆಂಡ್ ದಾಟಿದರೆ ಗ್ರೇ ಕೋಡ್ ಕೂಡ ಕೈಕೊಡುತ್ತದೆ. ಈಗ ಆ ದಾರಿಗಳಿಗೆ ಗರಿಷ್ಠ ತಡದ ಮಿತಿ ಹಾಕಿ, ಪ್ರತಿ ಬಿಲ್ಡ್ ಆದ ಮೇಲೂ ಆ ರಿಪೋರ್ಟ್ ತೆರೆದು ನೋಡುತ್ತೇನೆ.